ಮನೆಯಲ್ಲಿ ಫ್ಲೂ ಇದ್ದಾಗ ಬೆಕ್ಕು-ನಾಯಿಯ ಜೋಪಾನ

ಜ್ವರ ಬಂದು ಮಲಗಿದವರ ಮಗ್ಗುಲಿಗೇ ಬಂದು ಮುದುಡಿಕೊಳ್ಳುವುದು ಬೆಕ್ಕಿನ ಅಭ್ಯಾಸ. ಜ್ವರದ ಮೈ ಬೆಚ್ಚಗಿರುತ್ತದೆ, ಮಲಗಿದವರು ದಿನವಿಡೀ ಅಲುಗಾಡುವುದಿಲ್ಲ, ಅದಕ್ಕೆ ಇನ್ನೇನು ಬೇಕು. ಆದರೂ ಆ ಒಂದು ವಾರ ಅದನ್ನು ಹಾಸಿಗೆಯಿಂದ ದೂರ ಇಡಲೇಬೇಕು, ಏಕೆಂದರೆ ನಮ್ಮ ಫ್ಲೂ ಅವಕ್ಕೂ ಅಂಟುತ್ತದೆ.

ಇದು ಬರೀ ಊಹೆಯಲ್ಲ. 2009ರಲ್ಲಿ ಎಚ್‌1ಎನ್‌1 ಎಂಬ ಫ್ಲೂ (ಹಂದಿಜ್ವರ) ಹಬ್ಬಿದ್ದಾಗ ಅಮೆರಿಕದ ಅಯೋವಾದಲ್ಲಿ 13 ವರ್ಷದ ಬೆಕ್ಕೊಂದಕ್ಕೆ ಮನೆಯವರಿಂದಲೇ ಸೋಂಕು ತಗುಲಿ, ಆಮೇಲೆ ಗುಣವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಒರೆಗಾನ್‌ನ ಇನ್ನೊಂದು ಬೆಕ್ಕು ನ್ಯುಮೋನಿಯಾ ಆಗಿ ಸತ್ತಿತು. ಅದು ಮನೆ ಬಿಟ್ಟು ಹೊರಗೆ ಹೋಗುತ್ತಿರಲಿಲ್ಲ. ಸಾಕಿದವರು ಫ್ಲೂ ಜೋರಾಗಿ ಆಸ್ಪತ್ರೆ ಸೇರಿದ್ದರು. ನಾಯಿಗಳಿಗೂ ದಾಟಿದ ಉದಾಹರಣೆಗಳಿವೆ, ಆದರೆ ಕಡಿಮೆ. ಎಲ್ಲಕ್ಕಿಂತ ಸುಲಭವಾಗಿ ತಗಲುವುದು ಮುಂಗುಸಿಯಂತೆ ಕಾಣುವ ಸಾಕುಪ್ರಾಣಿ ಫೆರೆಟ್‌ಗಳಿಗೆ. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಮನುಷ್ಯರ ಫ್ಲೂ ವೈರಸ್ಸನ್ನು ಹಿಡಿದದ್ದೇ ಫೆರೆಟ್‌ಗಳ ಮೂಲಕ. ಹೊರದೇಶದಲ್ಲಿದ್ದು ಫೆರೆಟ್ ಸಾಕಿರುವ ಕನ್ನಡಿಗರು ಕೆಳಗಿನದ್ದನ್ನೆಲ್ಲ ಇನ್ನಷ್ಟು ಕಟ್ಟುನಿಟ್ಟಾಗಿ ಪಾಲಿಸಿ.

ಫ್ಲೂ ಬಂದವರು ಲಕ್ಷಣ ಕಾಣುವ ಒಂದು ದಿನ ಮೊದಲಿನಿಂದ ಐದರಿಂದ ಏಳು ದಿನದವರೆಗೆ ವೈರಸ್ ಹೊರಹಾಕುತ್ತಾರೆ, ಮಕ್ಕಳಾದರೆ ಇನ್ನೂ ಹೆಚ್ಚು ದಿನ. ಹಾಗಾಗಿ ಥರ್ಮಾಮೀಟರ್ ನೋಡುತ್ತ ಕೂರಬೇಡಿ. ಗಂಟಲು ಕೆರೆದು ಮೈಕೈ ನೋವು ಶುರುವಾದ ದಿನವೇ ಊಟ ಹಾಕುವ, ವಾಕಿಂಗ್ ಕರೆದೊಯ್ಯುವ, ಲಿಟರ್ ಬಾಕ್ಸ್ (ಬೆಕ್ಕು ಮಲಮೂತ್ರ ಮಾಡುವ ಡಬ್ಬಿ) ತೆಗೆಯುವ ಕೆಲಸ ಮನೆಯಲ್ಲಿ ಆರೋಗ್ಯವಾಗಿರುವವರ ಪಾಲಿಗೆ ಹೋಗಲಿ. ಕಾಯಿಲೆಯವರ ಕೋಣೆಯ ಬಾಗಿಲು ಮುಚ್ಚಿರಲಿ. ಬೆಕ್ಕು ಬಾಗಿಲು ಪರಚಿದರೂ ತೆರೆಯಬೇಡಿ. ಕಾಯಿಲೆಯವರು ಹೊದ್ದ ಹಳೇ ರಗ್ಗನ್ನು ಅದಕ್ಕೆ ಹಾಸಬೇಡಿ.

ಒಬ್ಬರೇ ಇರುವವರಿಗೆ ಈ ಸೌಲಭ್ಯವಿಲ್ಲ. ಅವರು ಮೂಗು-ಬಾಯಿ ಪೂರ್ತಿ ಮುಚ್ಚುವ ಮಾಸ್ಕ್ ಹಾಕಿ, ಬಟ್ಟಲು ಮುಟ್ಟುವುದಕ್ಕೆ *ಮುಂಚೆ* 20 ಸೆಕೆಂಡ್ ಸೋಪಿನಲ್ಲಿ ಕೈ ತೊಳೆಯಬೇಕು. ಎಲ್ಲರೂ ಆಮೇಲೆ ತೊಳೆಯುತ್ತಾರೆ. ಅದು ನಮಗೆ ಒಳ್ಳೆಯದು, ಪ್ರಾಣಿಗೆ ಅದರಿಂದ ಉಪಯೋಗವಿಲ್ಲ. ಊಟ ಇಟ್ಟು ಆ ಕಡೆ ಸರಿದುಬಿಡಿ. ಮುತ್ತಿಡುವುದು, ಮುಖ ನೆಕ್ಕಿಸಿಕೊಳ್ಳುವುದು ಬೇಡ. ಪ್ರಾಣಿಗೆ ಮಾತ್ರ ಯಾವತ್ತೂ ಮಾಸ್ಕ್ ಹಾಕಬೇಡಿ, ಉಸಿರು ಕಟ್ಟುತ್ತದೆ.

ನಮ್ಮ ಮನೆಗಳಲ್ಲಿ ಬೇರೂರಿದ ಒಂದು ರೂಢಿ ಇದೆ: ಜ್ವರದವರು ಅರ್ಧ ತಿಂದು ಬಿಟ್ಟ ಗಂಜಿ, ಮೊಸರನ್ನ, ಹಾಲಲ್ಲಿ ನೆನೆಸಿದ ಬ್ರೆಡ್ಡು ಸೀದಾ ನಾಯಿಯ ತಟ್ಟೆಗೆ. ಆ ಎಂಜಲನ್ನು ಈ ದಿನಗಳಲ್ಲಾದರೂ ಚೆಲ್ಲಿಬಿಡಿ. ಸ್ಟೀಲು, ಪ್ಲಾಸ್ಟಿಕ್ಕಿನಂಥ ನುಣುಪಾದ ವಸ್ತುವಿನ ಮೇಲೆ ಈ ವೈರಸ್ 24ರಿಂದ 48 ಗಂಟೆ ಉಳಿಯಬಲ್ಲದು. ಅದರ ಹೊರಪದರ ಕೊಬ್ಬಿನದಾದ್ದರಿಂದ ಪಾತ್ರೆ ತೊಳೆಯುವ ಸೋಪಿಗೇ ಒಡೆದುಹೋಗುತ್ತದೆ. ಬಟ್ಟಲನ್ನು ದಿನಾ ಸೋಪು ಹಾಕಿ ಉಜ್ಜಿ ತೊಳೆದರೆ ಸಾಕು.

ನೆಲದ ವಿಷಯದಲ್ಲೇ ಜನ ಅತಿ ಮಾಡುವುದು. ಫಿನೈಲು, ಡೆಟಾಲಿನಂಥ ಫೀನಾಲ್ ಜಾತಿಯ ದ್ರಾವಣಗಳನ್ನು ಅರಗಿಸಿಕೊಳ್ಳುವ ಶಕ್ತಿ ಬೆಕ್ಕಿನ ಲಿವರಿಗಿಲ್ಲ. ಒದ್ದೆ ನೆಲದ ಮೇಲೆ ಓಡಾಡಿ ಪಾದ ನೆಕ್ಕಿಕೊಂಡರೆ ವಿಷ ಹೊಟ್ಟೆಗೇ ಹೋಗುತ್ತದೆ. ಬದಲಿಗೆ ಶೇಕಡ 5ರ ಬ್ಲೀಚ್ ದ್ರಾವಣವನ್ನು ಒಂದು ಲೀಟರ್ ನೀರಿಗೆ 20 ಎಂ.ಎಲ್., ಅಂದರೆ ನಾಲ್ಕು ಟೀ ಚಮಚ ಹಾಕಿ ಒರೆಸಿ, ಐದು ನಿಮಿಷ ಬಿಟ್ಟು ಬರೀ ನೀರಿನಲ್ಲಿ ಮತ್ತೆ ಒರೆಸಿ. ಪೂರ್ತಿ ಒಣಗುವ ತನಕ ಬೆಕ್ಕನ್ನು ಬಿಡಬೇಡಿ. ಬಾತ್‌ರೂಮ್ ಆಸಿಡ್ ಜೊತೆ ಬ್ಲೀಚ್ ಬೆರೆಸಲೇಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಸ್ಯಾನಿಟೈಸರನ್ನು ರೋಮಕ್ಕೆ ಸವರುವುದೂ ತಪ್ಪು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಪ್ರಾಣಿಗೆ ಫ್ಲೂ ತಗುಲುವ ಸಂಭವ ಸಣ್ಣದು, ತಗುಲಿದರೂ ಬಹುಪಾಲು ಚೇತರಿಸಿಕೊಳ್ಳುತ್ತವೆ. ಆದರೆ ಸೀನುತ್ತಿರುವ ಬೆಕ್ಕಿಗೆ "ಪಾಪ, ಜ್ವರ ಇರಬೇಕು" ಎಂದು ಕೊಡುವ ಪ್ಯಾರಸಿಟಮಾಲ್ ಅದನ್ನು ಕೊಂದೇಬಿಡಬಹುದು. 500 ಎಂ.ಜಿ. ಮಾತ್ರೆಯ ಕಾಲು ಭಾಗವೂ ನಾಲ್ಕು ಕೆಜಿ ಬೆಕ್ಕಿಗೆ ವಿಷವೇ. ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಳ್ಳುತ್ತದೆ, ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ-ಪಾದ ಊದುತ್ತವೆ. ಗೊತ್ತಿಲ್ಲದೆ ಕೊಟ್ಟಿದ್ದರೆ ಲಕ್ಷಣ ಕಾಣಲಿ ಎಂದು ಕಾಯದೆ ವೆಟ್ (ಪ್ರಾಣಿಗಳ ಡಾಕ್ಟರ್) ಹತ್ತಿರ ಓಡಿ. ಬೇಗ ಹೋದರೆ ಪ್ರತಿವಿಷವಿದೆ. ಐಬುಪ್ರೊಫೆನ್ ನಾಯಿಗೂ ಬೇಡ, ಹೊಟ್ಟೆ ಹುಣ್ಣಾಗಿ ಕಿಡ್ನಿ ಕೆಡುತ್ತದೆ. ವಿಕ್ಸ್, ಕರ್ಪೂರ, ನೀಲಗಿರಿ ಎಣ್ಣೆ ಯಾವುದನ್ನೂ ಮೂಗಿಗೆ ಹಚ್ಚಬೇಡಿ.

"ವ್ಯಾಕ್ಸಿನ್ ಆಗಿದೆಯಲ್ಲ" ಎನ್ನುವ ಧೈರ್ಯವೂ ಇಲ್ಲಿ ನಡೆಯದು. ಬೆಕ್ಕಿಗೆ ಹಾಕಿಸುವ ಟ್ರೈಕ್ಯಾಟ್ ಲಸಿಕೆ ಹರ್ಪಿಸ್, ಕ್ಯಾಲಿಸಿ, ಪ್ಯಾನ್‌ಲ್ಯುಕೋಪೀನಿಯಾ ವೈರಸ್‌ಗಳಿಗೆ. ನಾಯಿಯ ಲಸಿಕೆಯಲ್ಲಿರುವ ಪ್ಯಾರಾಇನ್‌ಫ್ಲುಯೆಂಜಾ ಬೇರೆಯೇ ವೈರಸ್. ನಮ್ಮ ಫ್ಲೂ ಲಸಿಕೆ ಅವಕ್ಕಲ್ಲ. ಲಸಿಕೆ ಹಾಕಿಸಿಕೊಳ್ಳಬೇಕಾದವರು ನಾವೇ, ಅದೂ ಮಳೆಗಾಲಕ್ಕೆ ಮುಂಚೆ.

ಮನೆಯವರಿಗೆ ಜ್ವರ ಬಂದ ಮೇಲೆ ಪ್ರಾಣಿ ಸೀನಿದರೆ, ಕೆಮ್ಮಿದರೆ, ಮಂಕಾದರೆ ಅದು ನಿದ್ದೆಯಲ್ಲಿರುವಾಗ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ, ಏರಿ ಇಳಿದರೆ ಒಂದು ಲೆಕ್ಕ. 30ರೊಳಗಿದ್ದರೆ ಸರಿ, 40 ದಾಟಿದರೆ ಅವತ್ತೇ ವೆಟ್ಟಿಗೆ ತೋರಿಸಬೇಕು. ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದ್ದರೆ ಎಣಿಸುತ್ತ ಕೂರಬೇಡಿ, ತಕ್ಷಣ ಹೊರಡಿ. ಪರ್ಷಿಯನ್ ಬೆಕ್ಕು, ನಾಯಿಗಳಲ್ಲಿ ಪಗ್‌ನಂಥ ಚಪ್ಪಟೆ ಮೂಗಿನವಕ್ಕೆ ಮೊದಲೇ ಉಸಿರಾಟ ಕಷ್ಟ, ಅವುಗಳ ಮೇಲೆ ಕಣ್ಣಿಡಿ. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ತಿಳಿಯದೆ ಊಟ ಬೇಡವಾಗುತ್ತದೆ. ಊಟವನ್ನು ಉಗುರುಬೆಚ್ಚಗೆ ಮಾಡಿ ಕೊಡಿ. ಒಂದು ದಿನ ಪೂರ್ತಿ ತಿನ್ನದಿದ್ದರೆ ವೆಟ್ಟಿಗೆ ಫೋನ್ ಮಾಡಿ, ಉಪವಾಸ ಮುಂದುವರಿದರೆ ಬೆಕ್ಕಿನ ಲಿವರ್ ಕೆಡುತ್ತದೆ.

ಫೋನಿನಲ್ಲೇ ಹೇಳಿ: ಮನೆಯಲ್ಲಿ ಯಾರಿಗೆ, ಯಾವತ್ತಿನಿಂದ ಜ್ವರ, ಪ್ರಾಣಿಗೆ ಲಕ್ಷಣ ಕಂಡದ್ದು ಎಷ್ಟು ದಿನದ ಮೇಲೆ. ಹೇಳದಿದ್ದರೆ ಅವರು ಮಾಮೂಲಿ ಹರ್ಪಿಸ್ ನೆಗಡಿ ಎಂದುಕೊಳ್ಳುವುದು ಸಹಜ. ಕ್ಲಿನಿಕ್‌ಗೆ ಆರೋಗ್ಯವಾಗಿರುವವರೇ ಕರೆದುಕೊಂಡು ಹೋಗಲಿ, ಸರದಿ ಬರುವ ತನಕ ಬೇರೆ ಪ್ರಾಣಿಗಳ ಜೊತೆ ಕೂರಿಸದೆ ಹೊರಗೇ ಕಾಯಲಿ.