ಹಂಗಾಮಿ ಕೋಚ್‌ಗಳ ಪಟ್ಟಿ: ‘ಆಮೇಲೆ ಏನಾಯ್ತು’ ಕಾಲಂ ತುಂಬಿದ ಮೇಲೆ

ನಾನು ಒಂದು ಶೀಟ್‌ನಲ್ಲಿ ಮಾಡುತ್ತಿರುವ, ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಹಂಗಾಮಿ ಹೆಡ್ ಕೋಚ್‌ಗಳ ಪಟ್ಟಿ ಈಗ ಒಂದು ಹದಕ್ಕೆ ಬಂದಿದೆ. ಮೊದಲು ಶೀಟ್‌ನಲ್ಲಿ ಇದ್ದದ್ದು ನಾಲ್ಕೇ ಕಾಲಂ: ಕಾಲೇಜು, ವರ್ಷ, ಹೆಸರು, ಗೆಲುವು-ಸೋಲು. ಈ ಸಲ ಇನ್ನೆರಡು ಸೇರಿಸಿದೆ. ಹಿಂದಿನ ಕೋಚ್ ಯಾಕೆ ಹೋದರು ಅನ್ನೋದು ಒಂದು. ಹಂಗಾಮಿಯಾಗಿ ಬಂದವರಿಗೆ ಆಮೇಲೆ ಏನಾಯ್ತು ಅನ್ನೋದು ಇನ್ನೊಂದು. ಈ ಕೊನೆಯ ಕಾಲಂ ತುಂಬುತ್ತಾ ಹೋದಂತೆ ಇಡೀ ಪಟ್ಟಿಯೇ ಬೇರೆ ಥರ ಕಾಣತೊಡಗಿತು. ಚೆನ್ನಾಗಿ ಗೆದ್ದವರಿಗೆ ಕೆಲಸ ಕಾಯಂ ಆಗುತ್ತದೆ ಅಂತ ಅಂದುಕೊಳ್ಳುವುದು ಸಹಜ ಅಲ್ವಾ? ಪಟ್ಟಿ ಹಾಗೆ ಹೇಳುತ್ತಿಲ್ಲ.

ಈ ಆಟ ನೋಡದವರಿಗೆ ಒಂದೆರಡು ಮಾತು. ಸೀಸನ್ ಆಗಸ್ಟ್ ಕೊನೆಯಲ್ಲಿ ಶುರುವಾಗಿ ನವೆಂಬರ್ ಕೊನೆಯ ಹೊತ್ತಿಗೆ ಹೆಚ್ಚುಕಡಿಮೆ ಮುಗಿಯುತ್ತದೆ. ಈಗ ಒಂದು ತಂಡಕ್ಕೆ 12 ಮಾಮೂಲಿ ಪಂದ್ಯಗಳು. ಚೆನ್ನಾಗಿ ಆಡಿದವರಿಗೆ ಡಿಸೆಂಬರ್-ಜನವರಿಯಲ್ಲಿ ‘ಬೌಲ್’ ಅನ್ನೋ ಹೆಚ್ಚುವರಿ ಪಂದ್ಯ. ಹೆಡ್ ಕೋಚ್ ನಡುವೆಯೇ ಹೋದರೆ ಸಾಮಾನ್ಯವಾಗಿ ಸಹಾಯಕರಲ್ಲಿ ಒಬ್ಬರನ್ನು ಆ ಜಾಗಕ್ಕೆ ಹಾಕುತ್ತಾರೆ. ಆಟಗಾರರು ಅವರೇ. ಸೋತ ಬೇಸರವೂ ಹಾಗೇ ಇರುತ್ತದೆ. ಮುಂದಿನ ಶನಿವಾರ ಪಂದ್ಯ ಇದ್ದೇ ಇದೆ.

ಮೊದಲು ತುಂಬಿದ್ದು ಎಡ್ ಓರ್ಜರಾನ್ ಅವರ ಸಾಲು. ನನಗೆ ಈ ಪಟ್ಟಿಯಲ್ಲಿ ಅತ್ಯಂತ ಇಷ್ಟದ ಮನುಷ್ಯ. 2005ರಿಂದ 2007ರವರೆಗೆ ಮಿಸಿಸಿಪಿ ವಿಶ್ವವಿದ್ಯಾಲಯದ ಕಾಯಂ ಕೋಚ್ ಆಗಿದ್ದರು. ಗೆದ್ದದ್ದು 10, ಸೋತದ್ದು 25. ಅಲ್ಲಿಗೆ ಅವರ ಹೆಡ್ ಕೋಚ್ ಬದುಕು ಮುಗಿಯಿತು ಅನ್ನಿಸುವಂಥ ಲೆಕ್ಕ. 2013ರ ಸೆಪ್ಟೆಂಬರ್‌ನಲ್ಲಿ ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ತಂಡ ಅರಿಝೋನಾ ಸ್ಟೇಟ್ ಕೈಯಲ್ಲಿ 62-41ರಿಂದ ಸೋತಿತು. ಕೋಚ್ ಲೇನ್ ಕಿಫಿನ್ ಅವರನ್ನು ತೆಗೆದು ಓರ್ಜರಾನ್ ಅವರನ್ನು ಕೂರಿಸಿದರು. ಉಳಿದ 8 ಪಂದ್ಯಗಳಲ್ಲಿ 6 ಗೆದ್ದರು. ಆಗ ದೇಶದ ಮೇಲಿನ ಸಾಲಿನಲ್ಲಿದ್ದ ಸ್ಟ್ಯಾನ್‌ಫೋರ್ಡ್ ತಂಡವನ್ನೂ 20-17ರಿಂದ ಮಣಿಸಿದರು. ಆದರೂ ಕೆಲಸ ಸ್ಟೀವ್ ಸಾರ್ಕೀಸಿಯನ್ ಪಾಲಾಯಿತು. ಓರ್ಜರಾನ್ ಬೌಲ್ ಪಂದ್ಯಕ್ಕೂ ನಿಲ್ಲದೆ ರಾಜೀನಾಮೆ ಕೊಟ್ಟು ಹೋದರು.

ಮೂರು ವರ್ಷಗಳ ನಂತರ ಅವರದೇ ರಾಜ್ಯ ಲೂಯಿಸಿಯಾನಾದಲ್ಲಿ ಅದೇ ಕಥೆ ಮತ್ತೆ ನಡೆಯಿತು. 2016ರ ಸೆಪ್ಟೆಂಬರ್‌ನಲ್ಲಿ ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ತನ್ನ ಕೋಚ್ ಲೆಸ್ ಮೈಲ್ಸ್ ಅವರನ್ನು ತೆಗೆಯಿತು. ಮತ್ತೆ ಓರ್ಜರಾನ್ ಹಂಗಾಮಿ. ಬೌಲ್ ಸೇರಿಸಿ ಮತ್ತೆ 6 ಗೆಲುವು, 2 ಸೋಲು. ಈ ಸಲ ನವೆಂಬರ್‌ನಲ್ಲೇ ಕೆಲಸ ಕಾಯಂ ಮಾಡಿದರು. 2019ರ ಸೀಸನ್‌ನಲ್ಲಿ ಅವರ ತಂಡ ಆಡಿದ 15 ಪಂದ್ಯಗಳನ್ನೂ ಗೆದ್ದಿತು. ಒಂದೇ ಮನುಷ್ಯ, ಒಂದೇ ಲೆಕ್ಕ, ಎರಡು ಬೇರೆ ತೀರ್ಮಾನ. ಇವೆರಡು ಸಾಲು ಮೇಲೆ ಕೆಳಗೆ ಕೂತಾಗ ಗೆಲುವು-ಸೋಲಿನ ಕಾಲಂ ಎಷ್ಟು ಕಡಿಮೆ ಹೇಳುತ್ತದೆ ಅಂತ ಅರ್ಥವಾಯಿತು.

ಆ 15ನೇ ಗೆಲುವು, ಅಂದರೆ 2020ರ ಜನವರಿ 13ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ಫೈನಲ್, ಕ್ಲೆಮ್ಸನ್ ಎದುರು. ಸ್ಕೋರ್ 42-25. ಕ್ಲೆಮ್ಸನ್ ಕೋಚ್ ಡ್ಯಾಬೊ ಸ್ವೀನಿ ಕೂಡ ಹಂಗಾಮಿಯಾಗಿ ಬಂದವರೇ! 2008ರ ಅಕ್ಟೋಬರ್ 13ರಂದು ಟಾಮಿ ಬೌಡನ್ ರಾಜೀನಾಮೆ ಕೊಟ್ಟಾಗ ಸ್ವೀನಿಗೆ 38 ವರ್ಷ. ವೈಡ್ ರಿಸೀವರ್‌ಗಳ, ಅಂದರೆ ಓಡಿಹೋಗಿ ಪಾಸ್ ಹಿಡಿಯುವ ಆಟಗಾರರ, ಕೋಚ್ ಅಷ್ಟೇ. ತಂಡದ ಇಡೀ ಆಫೆನ್ಸ್ (ದಾಳಿ) ಅಥವಾ ಡಿಫೆನ್ಸ್ (ರಕ್ಷಣೆ) ಜವಾಬ್ದಾರಿಯನ್ನು ಒಮ್ಮೆಯೂ ಹೊತ್ತವರಲ್ಲ. ಮೊದಲ ಪಂದ್ಯ ಜಾರ್ಜಿಯಾ ಟೆಕ್ ಎದುರು ಸೋತರು. ಬೌಲ್ ಕೂಡ ಸೋತರು. ಒಟ್ಟು 4 ಗೆಲುವು, 3 ಸೋಲು. ಯುಎಸ್‌ಸಿಯಲ್ಲಿ ಓರ್ಜರಾನ್ ಮಾಡಿದ್ದಕ್ಕಿಂತ ಕಡಿಮೆ. ಆದರೆ ಕಾಲೇಜಿನ ಕ್ರೀಡಾ ವಿಭಾಗದ ಮುಖ್ಯಸ್ಥ (ಅಥ್ಲೆಟಿಕ್ ಡೈರೆಕ್ಟರ್) ಟೆರ್ರಿ ಡಾನ್ ಫಿಲಿಪ್ಸ್‌ಗೆ ಇವರ ಮೇಲೆ ನಂಬಿಕೆ ಇತ್ತು. ಬೌಲ್‌ಗೆ ಮುಂಚೆ, ಡಿಸೆಂಬರ್ ಮೊದಲ ದಿನವೇ ಕಾಯಂ ಮಾಡಿದರು. 2016 ಮತ್ತು 2018ರ ಸೀಸನ್‌ಗಳಲ್ಲಿ ಕ್ಲೆಮ್ಸನ್ ರಾಷ್ಟ್ರೀಯ ಚಾಂಪಿಯನ್.

ಯುಎಸ್‌ಸಿಗೆ ವಾಪಸ್ ಬರೋಣ. ಅಲ್ಲಿನ ಸಾಲುಗಳು ನಿಲ್ಲುವುದೇ ಇಲ್ಲ. ಓರ್ಜರಾನ್ ಬಿಟ್ಟ ಬೌಲ್ ಪಂದ್ಯವನ್ನು ಕ್ಲೇ ಹೆಲ್ಟನ್ ನಡೆಸಿ ಗೆದ್ದರು. 2015ರ ಅಕ್ಟೋಬರ್‌ನಲ್ಲಿ ಸಾರ್ಕೀಸಿಯನ್ ಅವರನ್ನೂ ತೆಗೆದಾಗ ಮತ್ತೆ ಹೆಲ್ಟನ್, ಆಮೇಲೆ ಕಾಯಂ. 2021ರ ಸೆಪ್ಟೆಂಬರ್‌ನಲ್ಲಿ ಹೆಲ್ಟನ್ ಅವರನ್ನೇ ತೆಗೆದು ಡಾಂಟೆ ವಿಲಿಯಮ್ಸ್ ಅವರನ್ನು ಕೂರಿಸಿದರು. ಮುಂದಿನ ವರ್ಷ ಹೆಲ್ಟನ್ ಸಣ್ಣ ತಂಡ ಜಾರ್ಜಿಯಾ ಸದರ್ನ್ ಕಟ್ಟಿಕೊಂಡು ನೆಬ್ರಾಸ್ಕಾಗೆ ಹೋಗಿ 45-42ರಿಂದ ಗೆದ್ದರು. ಮರುದಿನವೇ ನೆಬ್ರಾಸ್ಕಾ ತನ್ನ ಕೋಚ್ ಸ್ಕಾಟ್ ಫ್ರಾಸ್ಟ್ ಅವರನ್ನು ತೆಗೆದು ಮಿಕಿ ಜೋಸೆಫ್ ಅವರನ್ನು ಹಂಗಾಮಿ ಮಾಡಿತು. ಒಂದು ಸಾಲು ಇನ್ನೊಂದು ಸಾಲನ್ನು ಹುಟ್ಟಿಸಿದ್ದನ್ನು ತೋರಿಸಲು ಈಗ ಶೀಟ್‌ನಲ್ಲಿ ಲಿಂಕ್ ಹಾಕುತ್ತಿದ್ದೇನೆ.

ವಿಲಿಯಮ್ಸ್ ಮತ್ತು ಜೋಸೆಫ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಆಯಾ ಕಾಲೇಜಿನ ಫುಟ್‌ಬಾಲ್ ಇತಿಹಾಸದಲ್ಲಿ ಇಬ್ಬರೂ ಮೊದಲ ಕಪ್ಪು ಹೆಡ್ ಕೋಚ್. ಇಬ್ಬರಿಗೂ ಸಿಕ್ಕಿದ್ದು ಸೋತು ಸುಣ್ಣವಾದ ತಂಡ, ಅದೂ ಕೆಲವೇ ವಾರಗಳಿಗೆ. ಇಬ್ಬರಿಗೂ ಕೆಲಸ ಕಾಯಂ ಆಗಲಿಲ್ಲ. ಅವರ ಲೆಕ್ಕಗಳನ್ನು, 3 ಗೆಲುವು 7 ಸೋಲು ಮತ್ತು 3 ಗೆಲುವು 6 ಸೋಲು, ಬರಿಯ ಅಂಕಿಯಾಗಿ ಬಿಡಲು ನನಗೆ ಮನಸ್ಸಿಲ್ಲ. ಟಿಪ್ಪಣಿಯಲ್ಲಿ ಇದನ್ನು ಬರೆದಿಟ್ಟಿದ್ದೇನೆ.

ಲ್ಯೂಕ್ ಫಿಕಲ್ ಸಾಲು ಕೂಡ ಹೀಗೇ ಸುತ್ತಿ ಬರುತ್ತದೆ. 2011ರಲ್ಲಿ ಜಿಮ್ ಟ್ರೆಸಲ್ ಹೋದ ಮೇಲೆ ಒಹಾಯೊ ಸ್ಟೇಟ್ ತಂಡವನ್ನು ಇಡೀ ಸೀಸನ್ ನಡೆಸಿದರು. 6 ಗೆಲುವು, 7 ಸೋಲು. ಅರ್ಬನ್ ಮೇಯರ್ ಬಂದರು, ಫಿಕಲ್ ಅವರ ಕೈಕೆಳಗೇ ಸಹಾಯಕರಾಗಿ ಉಳಿದರು. ಹತ್ತು ವರ್ಷದ ನಂತರ ಸಿನ್ಸಿನಾಟಿ ತಂಡವನ್ನು ಒಂದೂ ಸೋಲಿಲ್ಲದೆ ಪ್ಲೇಆಫ್‌ಗೆ, ಅಂದರೆ ರಾಷ್ಟ್ರೀಯ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಪಂದ್ಯಗಳಿಗೆ, ಒಯ್ದರು. ಸಣ್ಣ ಕಾನ್ಫರೆನ್ಸ್‌ಗಳ (ಕಾಲೇಜು ತಂಡಗಳ ಲೀಗ್‌ಗಳ) ಗುಂಪಿನಿಂದ ಅಲ್ಲಿಗೆ ತಲುಪಿದ ಮೊದಲ ತಂಡ ಅದು. 2022ರಲ್ಲಿ ವಿಸ್ಕಾನ್ಸಿನ್ ಅವರನ್ನು ಕರೆಯಿತು. ಆಗ ಅಲ್ಲಿ ಹಂಗಾಮಿಯಾಗಿ 4 ಪಂದ್ಯ ಗೆದ್ದು 3 ಸೋತಿದ್ದ ಜಿಮ್ ಲೆನಾರ್ಡ್ ಅದೇ ಕಾಲೇಜಿನ ಹಳೆಯ ಆಟಗಾರ. ಲೆನಾರ್ಡ್‌ಗೆ ಹೇಗೆ ಅನ್ನಿಸಿರಬಹುದು ಅನ್ನೋದು ಫಿಕಲ್‌ಗೆ ಚೆನ್ನಾಗಿ ಗೊತ್ತಿದ್ದಿರಬೇಕು.

ಹಳೆಯ ಕಾಲದಲ್ಲಿ ಸದ್ಯ ಎರಡನೇ ಮಹಾಯುದ್ಧದ ವರ್ಷಗಳು ಮಾತ್ರ ಆಗಿವೆ. ಕೋಚ್‌ಗಳು ನೌಕಾಪಡೆಗೆ ಹೋದಾಗ ಉಳಿದವರು ತಂಡ ನೋಡಿಕೊಂಡರು. 1944ರಲ್ಲಿ ಪಾಲ್ ಬ್ರೌನ್ ಇಲ್ಲದ ಒಹಾಯೊ ಸ್ಟೇಟ್ ತಂಡವನ್ನು ಕ್ಯಾರಲ್ ವಿಡೋಸ್ ನಡೆಸಿದರು. 9 ಪಂದ್ಯ, 9 ಗೆಲುವು. ಇನ್ನೊಂದು ಸೀಸನ್ ಮುಗಿಸಿ, ಹೆಡ್ ಕೋಚ್ ಕೆಲಸ ಬೇಡ ಅಂತ ಅವರೇ ಕೇಳಿಕೊಂಡು ಸಹಾಯಕರ ಜಾಗಕ್ಕೆ ಹೋದರು. ನೋಟರ್ ಡೇಮ್‌ನ ಹ್ಯೂ ಡೆವೋರ್ 1945ರಲ್ಲಿ ಹಂಗಾಮಿಯಾಗಿದ್ದರು. 18 ವರ್ಷದ ನಂತರ, 1963ರಲ್ಲಿ, ಅದೇ ಕಾಲೇಜು ಅದೇ ಕೆಲಸಕ್ಕೆ ಅವರನ್ನೇ ಮತ್ತೆ ಕರೆಯಿತು.

‘ಯಾಕೆ ಹೋದರು’ ಕಾಲಂನಲ್ಲಿ ‘ಸಾವು’ ಅಂತ ಬರೆಯಬೇಕಾದ ಸಾಲುಗಳೂ ಇವೆ. 1970ರ ಅಕ್ಟೋಬರ್ 2ರಂದು ವಿಚಿಟಾ ಸ್ಟೇಟ್ ತಂಡದ ವಿಮಾನ ಕೊಲರಾಡೊ ಬೆಟ್ಟಗಳಲ್ಲಿ ಬಿತ್ತು. ಕೋಚ್ ಬೆನ್ ವಿಲ್ಸನ್ ಸೇರಿ 31 ಜನ ಸತ್ತರು. ಬಾಬ್ ಸೀಮನ್ ಉಳಿದ ಹುಡುಗರನ್ನು ಕಟ್ಟಿಕೊಂಡು ಸೀಸನ್ ಮುಂದುವರಿಸಿದರು. ಅದೇ ತಿಂಗಳು ಅರ್ಕನ್ಸಾ ಎದುರು 62-0ರಿಂದ ಸೋತರು. ಅವತ್ತು ಮೈದಾನಕ್ಕೆ ಇಳಿದದ್ದೇ ದೊಡ್ಡದು. ಇಂಥ ಸಾಲುಗಳನ್ನು ಸರಾಸರಿ ಲೆಕ್ಕದಿಂದ ಹೊರಗಿಟ್ಟಿದ್ದೇನೆ.

ಕೋಚ್ ಅಮಾನತಾಗಿದ್ದಾಗ ಕೆಲವೇ ಪಂದ್ಯ ನೋಡಿಕೊಂಡವರದು ಬೇರೆ ಪ್ರಶ್ನೆ. 2018ರಲ್ಲಿ ಒಹಾಯೊ ಸ್ಟೇಟ್‌ನ ರಯಾನ್ ಡೇ 3 ಪಂದ್ಯ ಗೆದ್ದರು. 2023ರ ಕೊನೆಯ 3 ಮಾಮೂಲಿ ಪಂದ್ಯಗಳಲ್ಲಿ ಮಿಶಿಗನ್‌ನ ಶೆರೋನ್ ಮೂರ್ ಕೂಡ ಮೂರನ್ನೂ ಗೆದ್ದರು. ಇಬ್ಬರೂ ಮುಂದೆ ಅಲ್ಲೇ ಕಾಯಂ ಆದರು. ಹಳೆಯ ಕೋಚ್ ವಾಪಸ್ ಬರುವುದು ಗೊತ್ತಿದ್ದ ಕಾರಣ ಇವರಿಗೆ ಬೇರೆ ಬಣ್ಣ ಕೊಟ್ಟಿದ್ದೇನೆ, ಪಟ್ಟಿಯಿಂದ ತೆಗೆದಿಲ್ಲ.

ಮುಂದಿನ ಕೆಲಸ, ಬೌಲ್ ಪಂದ್ಯಕ್ಕೆ ಮಾತ್ರ ಬಂದವರ ಶೀಟ್. ವೆಸ್ಟ್ ವರ್ಜೀನಿಯಾದ ಬಿಲ್ ಸ್ಟೂವರ್ಟ್ 2008ರ ಜನವರಿಯಲ್ಲಿ ಓಕ್ಲಹೋಮಾವನ್ನು 48-28ರಿಂದ ಸೋಲಿಸಿದ ಮರುದಿನವೇ ಕಾಯಂ ಆದರು. ವಿಸ್ಕಾನ್ಸಿನ್‌ನ ಬ್ಯಾರಿ ಅಲ್ವಾರೆಝ್ ಅಥ್ಲೆಟಿಕ್ ಡೈರೆಕ್ಟರ್ ಆಗಿದ್ದುಕೊಂಡೇ ಎರಡು ಸಲ ಮೈದಾನಕ್ಕೆ ಇಳಿದರು. 2021ರಲ್ಲಿ ಓಕ್ಲಹೋಮಾಗೆ ಬಾಬ್ ಸ್ಟೂಪ್ಸ್ ನಿವೃತ್ತಿಯಿಂದ ಎದ್ದು ಬಂದು ಆರೆಗನ್ ವಿರುದ್ಧ ಗೆದ್ದುಕೊಟ್ಟರು. ಈ ಮೂರು ಸಾಲುಗಳಿಂದ ಶುರು ಮಾಡುತ್ತೇನೆ.