ಕಂಟ್ರೋಲ್ ಮೇಲಿನ ಬೆರಳು ಎತ್ತಬೇಡಿ

ಕನ್ನಡ ಕಥೆಗಳನ್ನು ಇಂಗ್ಲಿಷಿಗೆ ಮಾಡುವುದು ನನ್ನ ಕೆಲಸ. ಕಥೆಯ ಸ್ಕ್ಯಾನ್ ಬ್ರೌಸರಿನ ಒಂದು ಟ್ಯಾಬಿನಲ್ಲಿ, ನನ್ನ ಕರಡು ಇನ್ನೊಂದರಲ್ಲಿ, ‘ಅಲರ್’ ನಿಘಂಟು ಮೂರನೆಯದರಲ್ಲಿ. ಮೂರೇ ಇದ್ದಿದ್ದರೆ ತೊಂದರೆಯೇ ಇರುತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಎಣಿಸಿದೆ, 34 ಇದ್ದವು. ಕರೆಂಟ್ ಬಿಲ್ಲು, ಶಿವಮೊಗ್ಗದ ರೈಲಿನ ಸಮಯ, ನುಗ್ಗೆಸೊಪ್ಪಿನ ಪಲ್ಯ, ಇನ್ನೂ ಏನೇನೋ.

ಮೊದಲೆಲ್ಲ ಸ್ಕ್ಯಾನಿನಿಂದ ಕರಡಿಗೆ ಬರಬೇಕೆಂದರೆ ಕಂಟ್ರೋಲ್ ಹಿಡಿದು ಟ್ಯಾಬ್ ಕೀಲಿಯನ್ನು ಒಂಬತ್ತು ಸಲ ಕುಟ್ಟುತ್ತಿದ್ದೆ. ರಶ್ ಇರುವ ಬಸ್ಸಿನಲ್ಲಿ ಹಿಂದಿನ ಬಾಗಿಲಲ್ಲಿ ಹತ್ತಿ ಮುಂದಿನ ಬಾಗಿಲಿಗೆ ನುಗ್ಗಿದ ಹಾಗೆ. ಯುಗಾದಿಗೆ ಬಂದಿದ್ದ ಮಗಳು ಇದನ್ನು ನೋಡಲಾರದೆ, ನನ್ನ ಬ್ರೌಸರ್ ಫೈರ್‌ಫಾಕ್ಸಿನ ಸೆಟ್ಟಿಂಗಿಗೆ ಹೋಗಿ ಒಂದು ಚೌಕಕ್ಕೆ ಟಿಕ್ ಹಾಕಿದಳು. ಅಂದಿನಿಂದ ಕಂಟ್ರೋಲ್-ಟ್ಯಾಬ್ ಎಡದಿಂದ ಬಲಕ್ಕೆ ಹೋಗುವುದಿಲ್ಲ. ಇದಕ್ಕೆ ಮುಂಚೆ ಯಾವ ಟ್ಯಾಬಿನಲ್ಲಿದ್ದೆನೋ ಅಲ್ಲಿಗೆ ಹೋಗುತ್ತದೆ. ವಿಂಡೋಸಿನ ಆಲ್ಟ್-ಟ್ಯಾಬ್ ಮಾಡುವುದೂ ಇದನ್ನೇ ಅಲ್ವಾ!

ಮೊದಲ ಎರಡು ದಿನ ಮಾತ್ರ ಬೈದುಕೊಂಡೆ. ಒಮ್ಮೆ ಒತ್ತಿದರೆ ಕರಡು. ಇನ್ನೊಮ್ಮೆ ಒತ್ತಿದರೆ ನಿಘಂಟು ಬರಬೇಕು ತಾನೇ? ಬರಲಿಲ್ಲ, ಮತ್ತೆ ಸ್ಕ್ಯಾನಿಗೇ ಬಂದು ಬಿದ್ದೆ. ತಪ್ಪು ನನ್ನ ಬೆರಳಿನದು. ಕಂಟ್ರೋಲ್ ಬಿಟ್ಟ ಕ್ಷಣವೇ ಸಾಲು ಹೊಸದಾಗುತ್ತದೆ. ಈಗ ಇರುವ ಟ್ಯಾಬ್ ಮೊದಲನೆಯದು, ಬಿಟ್ಟು ಬಂದದ್ದು ಎರಡನೆಯದು. ಹಾಗಾಗಿ ಬಿಟ್ಟು ಬಿಟ್ಟು ಒತ್ತಿದರೆ ಎರಡರ ನಡುವೆಯೇ ಉಯ್ಯಾಲೆ. ಮೂರನೆಯದು ಬೇಕೆಂದರೆ ಕಂಟ್ರೋಲನ್ನು ಹಿಡಿದೇ ಇರಬೇಕು, ಟ್ಯಾಬ್ ಕೀಲಿಯನ್ನು ಎರಡು ಸಲ ಒತ್ತಬೇಕು. ಹಿಡಿದಿರುವಷ್ಟು ಹೊತ್ತು ಪುಟಗಳ ಪುಟ್ಟ ಚಿತ್ರಗಳೂ ಸಾಲಾಗಿ ಕಾಣುತ್ತವೆ.

ಇದರಲ್ಲೂ ಒಂದು ಎಡವಟ್ಟಿದೆ. ಕರಡಿನಿಂದ ನಿಘಂಟಿಗೆ ಹೋಗಿ ಒಂದು ಪದ ನೋಡಿ ವಾಪಸ್ ಬಂದೆ ಅನ್ನಿ. ಈಗ ಎರಡನೇ ಜಾಗ ನಿಘಂಟಿನದು, ಸ್ಕ್ಯಾನ್ ಮೂರಕ್ಕೆ ಇಳಿದಿದೆ. ಕೈ ಮಾತ್ರ ಅಭ್ಯಾಸದಂತೆ ಒಂದೇ ಸಲ ಒತ್ತಿ ನಿಘಂಟಿಗೇ ಹೋಗುತ್ತದೆ. ಒಂದು ವಾರ ಬೇಕಾಯಿತು, ‘ಈಗ ಯಾರ ಮನೆಯಿಂದ ಬಂದೆ’ ಎಂದು ಬೆರಳೇ ಲೆಕ್ಕ ಇಟ್ಟುಕೊಳ್ಳುವುದಕ್ಕೆ. ಪಕ್ಕದ ಟ್ಯಾಬಿಗೇ ಹೋಗಬೇಕೆಂದರೆ ಕಂಟ್ರೋಲ್-ಪೇಜ್‌ಡೌನ್ ಹಳೆಯ ರೀತಿಯಲ್ಲೇ ನಡೆಯುತ್ತದೆ. ನಮ್ಮವರ ಕ್ರೋಮಿನಲ್ಲಿ ಇಂಥ ಟಿಕ್ ನನಗೆ ಸಿಗಲಿಲ್ಲ. ಅಲ್ಲಿ ಕಂಟ್ರೋಲ್-ಶಿಫ್ಟ್-ಎ ಒತ್ತಿದರೆ ತೆರೆದ ಟ್ಯಾಬುಗಳ ಪಟ್ಟಿ ಬರುತ್ತದೆ, ಈಚೆಗೆ ನೋಡಿದವು ಮೇಲೆ.

ಅಮ್ಮನ ಬೀರು ಹೀಗೇ ಇತ್ತು. ಒಗೆದು ಮಡಿಸಿದ ಸೀರೆಯನ್ನು ಮೇಲೆ ಇಡುತ್ತಿದ್ದಳು, ಉಡುವಾಗಲೂ ಮೇಲಿನದನ್ನೇ ತೆಗೆಯುತ್ತಿದ್ದಳು. ವರ್ಷವಿಡೀ ಐದಾರು ಸೀರೆಗಳೇ ಓಡಾಡುತ್ತಿದ್ದವು. ಯಾರೂ ಜೋಡಿಸದೆಯೇ ಜೋಡಣೆ ಆಗಿಬಿಡುತ್ತಿತ್ತು.

ಆದರೆ ಅವಳ ಮೈಸೂರು ಸಿಲ್ಕ್ ಇದ್ದದ್ದು ಎಲ್ಲಕ್ಕಿಂತ ಕೆಳಗೆ.

ಇದು ನೆನಪಾಗದೆ ಹೋದ ತಿಂಗಳು ಒಂದು ಪೆದ್ದು ಕೆಲಸ ಮಾಡಿದೆ. ತಿಂಗಳಿಂದ ಮುಟ್ಟಿಲ್ಲ ಅಂದರೆ ಬೇಡದ್ದೇ ಎಂದು ಕೊನೆಯ ಹದಿನೈದು ಟ್ಯಾಬುಗಳನ್ನು ಸುಮ್ನೆ ಮುಚ್ಚಿದೆ. ಅದರಲ್ಲಿ ಒಂದು ಹಳೇ ಮಾಸಪತ್ರಿಕೆಯ ಪುಟ. ಅದನ್ನು ಹುಡುಕಲು ಮೂರು ಸಂಜೆ ಹಿಡಿದಿತ್ತು. ಕಂಟ್ರೋಲ್-ಶಿಫ್ಟ್-ಟಿ ಒತ್ತುತ್ತಾ ಹೋದೆ. ಕೊನೆಗೆ ಮುಚ್ಚಿದ್ದು ಮೊದಲು ಬರುತ್ತದೆ, ನನ್ನ ಪುಟ ಬಂದದ್ದು ಹನ್ನೊಂದನೆಯದಾಗಿ! ಬಂದ ತಕ್ಷಣ, ಮತ್ತೆ ಕೈತಪ್ಪಿ ಮುಚ್ಚದ ಹಾಗೆ ಪಿನ್ ಮಾಡಿದೆ.

ಈಗ ಕಸ ಗುಡಿಸುವ ಉಸಾಬರಿಗೆ ಹೋಗುವುದಿಲ್ಲ. ನನ್ನದು 4 ಜಿಬಿಯ ಬಡ ಲ್ಯಾಪ್‌ಟಾಪು. ಮೆಮೊರಿ ತೀರಾ ಕಡಿಮೆಯಾದರೆ ಫೈರ್‌ಫಾಕ್ಸೇ ಬಹಳ ದಿನದಿಂದ ನೋಡದ ಪುಟಗಳನ್ನು ಮೆಮೊರಿಯಿಂದ ಇಳಿಸುತ್ತದೆ. ವಿಂಡೋಸಿಗೆ ಇದು 2021ರಲ್ಲಿ, 93ನೇ ಆವೃತ್ತಿಯಲ್ಲಿ ಬಂತು. ಟ್ಯಾಬ್ ಜಾಗ ಬಿಟ್ಟು ಕದಲುವುದಿಲ್ಲ, ಒತ್ತಿದರೆ ಮತ್ತೆ ಲೋಡ್ ಆಗುತ್ತದೆ.

ಸಾಲಿನ ತೀರಾ ಕೊನೆಯಲ್ಲಿ ಯಾವಾಗಲೂ ಒಂದೇ ಪುಟ: ಹಾರ್ಮೋನಿಯಂ ಮೊದಲ ಪಾಠ. ಎರಡು ದೀಪಾವಳಿಯ ಹಿಂದೆ ತೆರೆದದ್ದು. ಹಾರ್ಮೋನಿಯಂ ಇನ್ನೂ ಕೊಂಡಿಲ್ಲ.