ಸೊನ್ನೆಯಿಂದ ಯಾಕ ಶುರು ಮಾಡ್ದಿ?

ಕಲಬುರಗಿಯೊಳಗ ಡಿಗ್ರಿ ಹುಡುಗ್ರಿಗೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಸ್ಲತ್ತೀನಿ. ಅವ್ರಿಗೆ ಸಿಂಟ್ಯಾಕ್ಸ್, ಅಂದ್ರ ಆ ಭಾಷೆ ಬರಿಯೋ ನಿಯಮ, ಅಷ್ಟೇನು ತ್ರಾಸ ಕೊಡಂಗಿಲ್ಲ, ಖರೇ ತ್ರಾಸ ಅಂದ್ರ ಪ್ರೋಗ್ರಾಮ್ ಬಾಯಿಪಾಠ ಮಾಡೋದು. ಪ್ರೈಮ್ ನಂಬರ್ ಹುಡುಕೋ ಪ್ರೋಗ್ರಾಮ್ ಕೇಳಿದ್ರ ಕಣ್ಣು ಮುಚ್ಚಿ ಬರೀತಾರ, ಅದನ್ನೇ ಜರಾ ತಿರುಗಿಸಿ ಕೇಳಿದ್ರ ಪೆನ್ನು ನಿಂತುಬಿಡ್ತದ. ಇದು ನೋಡಿದಾಗೆಲ್ಲ ನಂಗ ಭಾಳ ಸಂಕಟ ಆಗ್ತದ, ಯಾಕಂದ್ರ ಇವ್ರು ಶ್ಯಾಣ್ಯಾ ಹುಡುಗ್ರು.

ಹೋದ ಏಪ್ರಿಲ್‌ದಾಗ ಒಂದಿನ ಲ್ಯಾಬ್‌ನ್ಯಾಗ ಕರೆಂಟ್ ಹೋತು. ಹೊರಗ 42ರ ಬಿಸಿಲು, ಫ್ಯಾನ್ ಇಲ್ಲ, ಕ್ಲಾಸ್ ಬಿಡೋ ಮನಸ್ಸೂ ಇಲ್ಲ, ಹಂಗಾಗಿ ಬೋರ್ಡ್ ಮ್ಯಾಲ ತೊಗರಿ ಕ್ವಿಂಟಲ್ ರೇಟ್ ಅಂತ ನಾನೇ ನಾಕು ನಂಬರ್ ಬರದೆ: 7200, 6900, 7450, 7100. ಎಲ್ಲಾಕ್ಕಿಂತ ದೊಡ್ಡದು ಹುಡುಕ್ರಿ ಅಂದೆ. ಎಲ್ಲಾರೂ ಪಟ್ಟಂತ ಹೇಳಿದ್ರು, ಒಂದು ವೇರಿಯಬಲ್‌ದಾಗ, ಅಂದ್ರ ನಂಬರ್ ಇಡೋ ಡಬ್ಬಿಯೊಳಗ, 0 ಇಡಬೇಕು, ಲೂಪ್‌ನ್ಯಾಗ, ಅಂದ್ರ ಅದೇ ಕೆಲಸ ಮತ್ತ ಮತ್ತ ಮಾಡ್ಸಿ, ಒಂದೊಂದೇ ಹೋಲಿಸಿ ದೊಡ್ಡದು ಬಂದಾಗ ಬದಲಿ ಮಾಡ್ಬೇಕು. ಈಗ ಸಣ್ಣದು ಹುಡುಕ್ರಿ ಅಂದೆ. ಒಬ್ಬಾಕಿ ದೊಡ್ಡದು-ಸಣ್ಣದು ಹೋಲಿಸೋ ಚಿಹ್ನೆ ಅಷ್ಟೇ ತಿರುಗಿಸಿ "ಮುಗೀತ್ರಿ ಸರ್" ಅಂದಳು.

"ಬಾ ಅವ್ವಾ, ನೀನೇ ಕಂಪ್ಯೂಟರ್ ಆಗು" ಅಂದೆ. ಬೋರ್ಡಿಗಿ ಬಂದು ಡಬ್ಬಿ ಬರದು ಒಳಗ 0 ಹಾಕಿದಳು. 7200 ಇದಕ್ಕಿಂತ ಸಣ್ಣದೇನು, ಇಲ್ಲ. 6900, ಇಲ್ಲ. ಕಡೀತನಕ 0 ಹಂಗೇ ಉಳೀತು. ಹಿಂದಿನ ಬೆಂಚಿನಿಂದ ಒಬ್ಬಾಂವ "ಪುಕ್ಕಟೆ ತೊಗರಿ ಯಾರು ಕೊಡ್ತಾರ್ರಿ ಸರ್?" ಅಂದ.

ಉತ್ತರ ಹೇಳಬಾರದು ಅಂತ ತಡಕೊಂಡೆ. "ಗಂಜ್ ಮಾರ್ಕೆಟ್‌ಗೆ ಹೋದ್ರ ನಿಮ್ಮಪ್ಪಾಜಿ ರೇಟ್ ಹ್ಯಾಂಗ ನೋಡ್ತಾರ?" ಅಂತ ಕೇಳಿದೆ. "ಮೊದಲ್ನೇ ಅಡತಿ ಅಂಗಡ್ಯಾಗ ಹೇಳಿದ್ದು ತಲ್ಯಾಗ ಇಟ್ಕೊಂತಾರ್ರಿ, ಮುಂದಿನ ಅಂಗಡಿದು ಅದರ ಜೋಡಿ..." ಅನ್ಕೋತ ನಿಂತಳು, 0 ಒರಸಿ 7200 ಬರದಳು. ಆ ಘಳಿಗಿ ನೋಡ್ಬೇಕಂತೇ ನಾ ಕಲಿಸೋದು.

ಅಷ್ಟಕ್ಕೇ ನಿಲ್ಲಲಿಲ್ಲ. ಇನ್ನೊಬ್ಬಾಂವ, "ಹಂಗಂದ್ರ ದೊಡ್ಡದು ಹುಡುಕಿದ್ದೂ ತಪ್ಪೇ ಅಲ್ರಿ? ಲೇಹ್‌ದಾಗ ಚಳಿಗಾಲದ ಟೆಂಪರೇಚರ್ ಎಲ್ಲಾ ಮೈನಸ್ ಇದ್ರ 0 ಬಂದುಬಿಡ್ತದ" ಅಂದ. ವರ್ಷಗಟ್ಲೆ ಬಾಯಿಪಾಠ ಮಾಡಿದ ಪ್ರೋಗ್ರಾಮ್‌ನ್ಯಾಗಿನ ತಪ್ಪು ಅವನೇ ಹಿಡದ, ಅದೂ ಕಂಪ್ಯೂಟರ್ ಬಂದ್ ಇದ್ದಾಗ.

ಕರೆಂಟ್ ಬಂದ ಮ್ಯಾಲ ಟೈಪ್ ಮಾಡಿದ್ರು, ಇನ್‌ಪುಟ್ ಫಂಕ್ಷನ್‌ಲೇ ಕೀಬೋರ್ಡ್‌ನಿಂದ ರೇಟ್ ತಗೊಂಡ್ರು. 7200, 6900, ಆಮ್ಯಾಲ ಒಬ್ಬಾಕಿ ಬೇಕಂತ್ಲೇ 10000 ಹಾಕಿದಳು. ಸಣ್ಣದು 10000 ಅಂತ ಬಂತು! ಮತ್ತ ಗದ್ದಲ. "ಡೇಟಾ ಯಾವ ಜಾತಿದು ಅಂತ ಹೇಳೋ ಟೈಪ್ ಫಂಕ್ಷನ್ ಹಾಕಿ ಏನದ ನೋಡ್ರಿ" ಅಂತ ಅಷ್ಟೇ ಹೇಳಿದೆ. ಸ್ಟ್ರಿಂಗ್ ಅಂತ ಬಂತು, ಅಂದ್ರ ಇನ್‌ಪುಟ್‌ಲೇ ಬಂದದ್ದು ನಂಬರ್ ಅಲ್ಲ, ಬರೇ ಅಕ್ಷರಗಳ ಸಾಲು; ಅದಕ್ಕ ಪೈಥಾನ್ ಡಿಕ್ಷನರಿ ಹೊಂದಿಸಿದಂಗ ಮೊದಲ್ನೇ ಅಕ್ಷರ ನೋಡಿ, 1 ಅನ್ನೋದು 6ಕ್ಕಿಂತ ಮುಂಚೆ ಬರ್ತದ ಅಂತ ತಿಳಕೊಂಡಿತ್ತು. ಸ್ಟ್ರಿಂಗನ್ನ ಪೂರ್ಣಾಂಕ ಮಾಡೋ ಇಂಟ್ ಹಾಕ್ರಿ ಅಂತ ನಾ ಹೇಳೋ ಮೊದ್ಲೇ ಮೂರು ಮಂದಿ ಹಾಕಿದ್ರು, ಉಳದಾವ್ರು ಅವ್ರ ಸುತ್ತ ನಿಂತು ಯಾಕ ಯಾಕ ಅಂತ ಕೇಳ್ಲತ್ತಿದ್ರು.